ಅತ್ತೆ ಒಪ್ಪಿಕೊಂಡ ಸೂಜಿ

ನಮ್ಮ ಸೋದರತ್ತೆ ಊಟಕ್ಕೆ ಕೂತರೆ ಮೊದಲು ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹಿಂದೆ ಮುಂದೆ ತಿರುವಿ, ಮೂಸಿ, ಆಮೇಲೆಯೇ ಮುರಿಯುವುದು. ನಾವು ಮಕ್ಕಳು ನಕ್ಕರೆ ಅವಳೂ ನಗುತ್ತಿದ್ದಳು. "ನಗ್ರಿ, ನಗ್ರಿ. ಹೊಟ್ಟಿ ನಂದೈತಿ."

ಅವಳು ಅಪ್ಪನ ಅಕ್ಕ. ಜಕ್ಕಲಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಕಣ್ಣಿಗೆ ಕಾಣದವರ ದನಿಗಳು ಕಿವಿಯಲ್ಲಿ ಬೈಯತೊಡಗಿದ ಮೇಲೆ ಗಂಡನ ಮನೆಯವರು ನರಗುಂದದ ನಮ್ಮ ಮನೆಗೆ ತಂದು ಬಿಟ್ಟುಹೋದರು. ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ ಎಂದು ನಮ್ಮ ಮನೆಗೆ ಗೊತ್ತಾಗುವಷ್ಟರಲ್ಲಿ ತಾಯಿತ, ಲಿಂಬೆಹಣ್ಣು, ಹರಕೆ ಎಲ್ಲ ಮುಗಿದು ವರ್ಷಗಳೇ ಕಳೆದಿದ್ದವು. ಆದರೂ ಅವಳಷ್ಟು ಚೆನ್ನಾಗಿ ಮಂದಿಯ ನಡಿಗೆಯನ್ನು ಅಣಕಿಸುವವರನ್ನು ನಾನು ಕಂಡಿಲ್ಲ. ಅಪ್ಪನ ಕಾಳಿನ ಅಂಗಡಿಗೆ ಬರುವ ಸಾಹುಕಾರರನ್ನೆಲ್ಲ ನಡುಮನೆಯಲ್ಲಿ ನಡೆಸಿ ತೋರಿಸುತ್ತಿದ್ದಳು.

ಗುಳಿಗೆ ಕೊಟ್ಟರೆ ಮಾತ್ರ ಉಗುಳುತ್ತಿದ್ದಳು. ಅದಕ್ಕೆ ಅವ್ವ ಅದನ್ನು ಪುಡಿ ಮಾಡಿ ಪುಂಡಿಪಲ್ಯದಲ್ಲಿ ಕಲಸುತ್ತಿದ್ದಳು. ಹುಳಿಯಲ್ಲಿ ಕಹಿ ಗೊತ್ತಾಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ, ಪ್ರೀತಿಯಿಂದಲೇ ಮಾಡುತ್ತಾರೆ. ಒಂದು ಮಧ್ಯಾಹ್ನ ನೀರಿಗೆಂದು ಅಡುಗೆಮನೆಗೆ ಬಂದ ಅತ್ತೆ ಅರೆಯುವ ಕಲ್ಲಿನ ಮೇಲಿನ ಬಿಳಿ ಪುಡಿ ನೋಡಿದಳು. ಕೂಗಾಡಲಿಲ್ಲ.

"ತಂಗೆವ್ವಾ, ಊಟದಾಗ ಏನೋ ಹಾಕ್ತಾರ ಅಂದ್ರ ಭ್ರಮಿ ಅಂತಿದ್ರಿ. ಇದೇನು?"

ಅಂದಿನಿಂದ ಅತ್ತೆ ಹಿತ್ತಲಲ್ಲಿ ಬೇರೆ ಒಲೆ ಹೂಡಿದಳು. ನಮ್ಮ ಕೈಯ ನೀರೂ ಬೇಡವಾಯಿತು. ಔಷಧ ನಿಂತಿತು, ದನಿಗಳು ಜೋರಾದವು, ಅಣಕಿಸುವುದನ್ನೂ ಅವಳು ಬಿಟ್ಟಳು. ಅತ್ತೆಯನ್ನು ಕಳೆದುಕೊಂಡೆವೆಂದು ನಾನು ಅಳುತ್ತಿದ್ದೆ.

ಆಗ ಊರಿನ ದವಾಖಾನೆಗೆ ತಿಂಗಳಿಗೊಮ್ಮೆ ಮನೋರೋಗದ ಡಾಕ್ಟರೊಬ್ಬರು ಬರತೊಡಗಿದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಪ್ಪ ಕೈಮುಗಿದು ಕೇಳಿಕೊಂಡ ಮೇಲೆ ಅತ್ತೆ ಹೊರಟಳು. ಡಾಕ್ಟರು ನಮ್ಮನ್ನು ಬಿಟ್ಟು ಅವಳೊಂದಿಗೇ ಮಾತಾಡಿದರು. "ತಿಂಗಳಿಗೊಂದ್ಸಲ ಮಾಡೂ ಸೂಜಿ ಐತ್ರಿ. ಬಾಟ್ಲಿ ನಿಮ್ಮ ಮುಂದನ ಒಡೀತೀನಿ. ತೂಕ ಹೆಚ್ಚಾಗಬಹುದು, ಕೈ ನಡುಗಬಹುದು. ದನಿ ಪೂರ್ತಿ ಹೋಗ್ತಾವಂತ ನಾ ಹೇಳಂಗಿಲ್ಲ."

"ಹೋಗ್ತಾವ ಅಂದಿದ್ರ ನಾ ನಂಬ್ತಿದ್ದಿಲ್ಲ. ಮಾಡ್ರಿ," ಎಂದು ಅತ್ತೆ ಸೆರಗು ಸರಿಸಿ ತೋಳು ಮುಂದೆ ಮಾಡಿದಳು. ತಿಂಗಳುಗಳು ಕಳೆದಂತೆ ದನಿಗಳು ಸಣ್ಣಗಾದವು. ಅವಳು ಮತ್ತೆ ಅಣಕಿಸಲು ಶುರು ಮಾಡಿದ್ದು ಆ ಡಾಕ್ಟರನ್ನೇ.

ಕೆಲವು ವರ್ಷಗಳ ಮೇಲೆ, ರೋಣದ ಕಾಲೇಜಿಗೆ ಹೋಗುತ್ತಿದ್ದ ನನ್ನ ತಮ್ಮ ನಿದ್ದೆ ಬಿಟ್ಟ, ಗೆಳೆಯರನ್ನು ಬಿಟ್ಟ, ಕಿಟಕಿಗೆ ಕಾಗದ ಅಂಟಿಸಿಕೊಂಡು ಕೋಣೆಯಲ್ಲೇ ಕೂತ. ಪರೀಕ್ಷೆಯ ಚಿಂತೆ ಎಂದಳು ಅವ್ವ. ಹೊರಗೆ ಗೊತ್ತಾದರೆ ನಾಳೆ ಹೆಣ್ಣು ಕೊಡುವವರಾರು ಎಂದ ಅಪ್ಪ. ಅತ್ತೆ ಅವನ ಬಾಗಿಲಲ್ಲಿ ಕೂತು ತನ್ನ ದನಿಗಳು ಏನೇನು ಅನ್ನುತ್ತಿದ್ದವು, ತಾನೆಷ್ಟು ಹೆದರಿದ್ದೆ, ಎಲ್ಲ ಹೇಳಿದಳು. "ನನಗ ಯಾರೂ ಹೇಳ್ಲಿಲ್ಲೋ ತಮ್ಮಾ. ನಿನಗ ನಾ ಹೇಳಾಕತ್ತೀನಿ. ನಡಿ, ಇಬ್ರೂ ಹೋಗೂಣು." ಅವನು ಎದ್ದು ಬಂದ.

ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದೆಂದು ಈಗಿನ ಸಂಶೋಧನೆಗಳು ಹೇಳುತ್ತಿವೆ, ಬಂದದ್ದು ಚಲೋ ಆಯಿತು ಎಂದರು ಡಾಕ್ಟರು. ಕಾಯಿಲೆ ಬರುವ ಮೊದಲೇ ತಡೆಯಲಾಗುವುದಿಲ್ಲವೇ ಎಂದು ನಾನು ಕೇಳಿದೆ. "ಅದನ್ನ ಇನ್ನೂ ಹುಡುಕಾಕತ್ತಾರ್ರಿ," ಎಂದರು. ಆ ಸಂಶೋಧನೆಗೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ಕಾಯಿಲೆ ಬಂದ ಮನೆತನದವರ ರಕ್ತ ಬೇಕಾಗುತ್ತದಂತೆ.

"ಕೊಟ್ರ ನನಗೇನಾಗ್ತೈತ್ರಿ?" ಎಂದಳು ಅತ್ತೆ.

"ನಿಮಗೇನೂ ಆಗಂಗಿಲ್ರಿ. ಮುಂದ ಹುಟ್ಟೂ ಮಂದಿಗೆ ಆದ್ರ ಆದೀತು."

"ಹಂಗಂದ್ರ ತಗೋರಿ."

ನಮ್ಮ ಕೈಯ ನೀರೂ ಬೇಡವೆಂದಿದ್ದವಳು ಮುಖ ನೋಡದ ಮಂದಿಗೆ ರಕ್ತ ಕೊಟ್ಟಳು. ಅವಳ ಕಾಲು ಮುಟ್ಟಬೇಕೆನಿಸಿತು, ಅಲ್ಲೇ ಮುಟ್ಟಿದೆ.

ಹೋದ ವರ್ಷ ಅತ್ತೆ ಎದೆನೋವಿನಿಂದ ತೀರಿಕೊಂಡಳು. ಮಣ್ಣಿಗೆ ಬಂದ ಜಕ್ಕಲಿಯ ಹಿರಿಯರೊಬ್ಬರು ದನಿ ತಗ್ಗಿಸಿ, "ಆಕಿಗೆ ಅದೇನೋ ಗಾಳಿ ಸೋಕಿತ್ತಲ್ಲ, ಕಡೀತನಕಾ ಹಂಗ ಇತ್ತೇನು?" ಎಂದು ಅಪ್ಪನನ್ನು ಕೇಳಿದರು. ಈಗ ಅಂಗಡಿ ನಡೆಸುತ್ತಿರುವ ನನ್ನ ತಮ್ಮ ಪಕ್ಕದಲ್ಲೇ ನಿಂತಿದ್ದ.

"ಗಾಳಿ ಅಲ್ರಿ, ಸ್ಕಿಜೋಫ್ರೇನಿಯಾ. ನನಗೂ ಐತಿ," ಎಂದ, ಅಂಗಳದ ಮಂದಿಗೆಲ್ಲ ಕೇಳುವಂತೆ. "ಅತ್ತಿ ನನ್ನ ಲಗೂ ಕರಕೊಂಡು ಹೋದ್ಲು. ಅದಕ್ಕ ಇವತ್ತು ಆಕಿಗೆ ಹೆಗಲು ಕೊಡಾಕ ನಾ ಅದೀನಿ."