ಬರ್ನಡೀನಳ ಮಂಡಿ

ಬರ್ನಡೀನ್ ಶ್ವೆಡಾಳ ಬಲಮಂಡಿಯ ಸುದ್ದಿ ಕೆಲ್ಸೊ ಬೆಂಡ್ ಊರಿನಲ್ಲಿ ತಿಳಿಯದವರಿಲ್ಲ. ಸಂತ ಲುಡ್ಮಿಲಾ ವೃದ್ಧಾಶ್ರಮದ ಅಡುಗೆಮನೆಯ ಸಿಮೆಂಟು ನೆಲದ ಮೇಲೆ ಮೂವತ್ತು ವರ್ಷ ನಿಂತು ನಿಂತು ಸವೆದ ಮಂಡಿ ಅದು. ಡಾಕ್ಟರು ಕೊಯ್ದು ಲೋಹದ ಕೀಲು ಕೂರಿಸಿದರು, ಆದರೂ ಅದು ಹಟ ಬಿಡಲಿಲ್ಲ. ಭಾನುವಾರದ ಪೂಜೆಯಲ್ಲಿ ಉಳಿದವರೆಲ್ಲ ಏಳುವಾಗ ಏಳುತ್ತಾರೆ, ಮಂಡಿಯೂರುವಾಗ ಊರುತ್ತಾರೆ. ಬರ್ನಡೀನ್ ಮಾತ್ರ ಮೂರನೆಯ ಬೆಂಚಿನ ತುದಿಯಲ್ಲಿ ಕೂತೇ ಇರುತ್ತಾಳೆ. ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು. ಬರಬರುತ್ತ ಊರಿಗೂ ಅವಳಿಗೂ ಅದು ರೂಢಿಯಾಯಿತು. ಕಂಬ ಇದ್ದಲ್ಲಿ ಕಂಬ, ಬರ್ನಡೀನ್ ಇದ್ದಲ್ಲಿ ಬರ್ನಡೀನ್.

ಮಾತು ಕಡಿಮೆಯ ಹೆಂಗಸು. ಅವಳ ಪಾಲಿನ ಮಾತನ್ನೂ ಸೇರಿಸಿ ಆಡುವುದಕ್ಕೆ ನಾದಿನಿ ಅರ್ಲೀನ್ ಇದ್ದಳು. ಇಬ್ಬರೂ ವಿಧವೆಯರು, ಒಂದೇ ಬೀದಿಯಲ್ಲಿ ಎದುರುಬದುರು ಮನೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸವಿಲ್ಲವಲ್ಲ, ಅವತ್ತು ಚರ್ಚಿನ ನೆಲಮಾಳಿಗೆಯಲ್ಲಿ ಊರಿಗೆಲ್ಲ ಮೀನು ಕರಿದು ಬಡಿಸುತ್ತಾರೆ, ಬಂದ ಹಣ ವೃದ್ಧಾಶ್ರಮಕ್ಕೆ ಹೋಗುತ್ತದೆ. ಹಿಂದಿನ ದಿನ ಗುರುವಾರ ಹೆಂಗಸರು ಸೇರಿ ಪಿರೊಹಿ ಮಾಡಬೇಕು, ಆಲೂಗಡ್ಡೆ ಹೂರಣದ ಕಡುಬು. ಅರ್ಲೀನ್ ಹಿಟ್ಟು ಲಟ್ಟಿಸುತ್ತಾಳೆ, ಬರ್ನಡೀನ್ ಅಂಚು ಒತ್ತುತ್ತಾಳೆ. ಅವಳು ಒತ್ತಿದ ಅಂಚು ಕುದಿಯುವ ನೀರಿನಲ್ಲಿ ಎಂದೂ ಬಾಯಿ ಬಿಟ್ಟದ್ದಿಲ್ಲ. ಆ ಮೇಜಿಗೆ ಅವಳೇ ಯಜಮಾನಿ.

ಬರ್ನಡೀನಳ ತಾಯಿ ಅನೆಷ್ಕಾ ಇದ್ದದ್ದು ಅದೇ ಆಶ್ರಮದಲ್ಲಿ. ತೊಂಬತ್ತು ದಾಟಿದ ಮುದುಕಿ. ಇಂಗ್ಲಿಷು ಮರೆತುಹೋಗಿ, ಹುಟ್ಟೂರಿನ ಸ್ಲೊವಾಕ್ ಮಾತು ಮಾತ್ರ ನಾಲಿಗೆಯಲ್ಲಿ ಉಳಿದಿತ್ತು. ಮಗಳು ಚಮಚ ಹಿಡಿದರೂ ಬಾಯಿ ಬಿಗಿದುಕೊಳ್ಳುವಳು. ಅವಳು ಉಣ್ಣುತ್ತಿದ್ದುದು ಒಬ್ಬಳ ಕೈಯಿಂದ, ಲೊರೆಟ್ಟಾ ಪ್ರುಯಿಟ್ ಎಂಬ ಆಯಾಳ ಕೈಯಿಂದ. ಲೊರೆಟ್ಟಾ ದಕ್ಷಿಣದ ಗುಡ್ಡಗಾಡಿನಿಂದ ಬಂದವಳು, ಬ್ಯಾಪ್ಟಿಸ್ಟ್ ಪಂಗಡದವಳು, ಇವರ ಚರ್ಚಿಗೆ ಕಾಲಿಟ್ಟವಳಲ್ಲ. ‘ತಿನ್ನು’ ಎನ್ನುವ ಒಂದೇ ಒಂದು ಸ್ಲೊವಾಕ್ ಮಾತು ಕಲಿತಿದ್ದಳು. ಅದನ್ನೂ ತನ್ನ ಗುಡ್ಡದ ರಾಗದಲ್ಲಿ ಎಳೆದು ಹೇಳುವಳು. ಮುದುಕಿ ನಗುತ್ತ ಬಾಯಿ ತೆರೆಯುವಳು.

ಆ ವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಲೊರೆಟ್ಟಾ ಮುದುಕಿಯನ್ನು ಮಗ್ಗುಲು ಹೊರಳಿಸುತ್ತ, ಕೆಲಸ ಬಿಡುವ ಮಾತು ತೆಗೆದಳು. ಹೆದ್ದಾರಿಯ ಪಕ್ಕದ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ ಸಿಗುತ್ತದಂತೆ. ಪೆಟ್ಟಿಗೆ ಹೊರಲು ಆಸೆಯೇನೂ ಇಲ್ಲ, ಆದರೆ ಅಲ್ಲಿಯ ವಿಮೆ ಬೇಕಾಗಿತ್ತು. ಎರಡನೆಯ ಹೆರಿಗೆಯಲ್ಲಿ ಅವಳಿಗೆ ನಂಜೇರಿ, ಫಿಟ್ಸ್ ಬಂದು, ತಾಯಿ ಮಗು ಇಬ್ಬರೂ ಉಳಿದದ್ದೇ ಹೆಚ್ಚಾಗಿತ್ತು. ಇನ್ನೊಂದು ಬಸಿರು ಬೇಡವೇ ಬೇಡ ಎಂದಿದ್ದರು ಡಾಕ್ಟರು. ರಕ್ತದೊತ್ತಡಕ್ಕೆ ಮಾತ್ರೆ ಆಗಿಬರದು, ಬಸಿರು ತಡೆಯುವ ವಂಕಿಯನ್ನು ಗರ್ಭಕೋಶದೊಳಗೆ ಹಾಕಿಸಿಕೋ ಎಂದಿದ್ದರು. ವಾಷಿಂಗ್ಟನ್ನಿನ ಹೊಸ ಕಾಯಿದೆಯ ಪ್ರಕಾರ ಅದರ ಖರ್ಚೆಲ್ಲ ವಿಮೆಯದೇ. ಲೊರೆಟ್ಟಾ ಕ್ಲಿನಿಕ್ಕಿಗೆ ಹೋದರೆ, ನಿಮ್ಮ ಆಶ್ರಮ ಬಸಿರು ತಡೆಯುವುದು ಪಾಪ ಎನ್ನುವ ಚರ್ಚಿನದು, ಅದರ ವಿಮೆಯಲ್ಲಿ ಇದು ಇಲ್ಲ ಎಂದು ತಿರುಗಿ ಕಳಿಸಿದರು. ಕೈಯಿಂದ ಕೊಡೋಣವೆಂದರೆ ಅವಳ ಗಂಡ ಕೆಲಸ ಕಳೆದುಕೊಂಡು ಕೂತಿದ್ದ.

“ನಾನು ನಿಮ್ಮ ದೇವರ ಹತ್ರ ಜಗಳಕ್ಕೆ ಬಂದಿಲ್ಲ, ಮಿಸ್ ಬರ್ನಿ,” ಎಂದಳು ಲೊರೆಟ್ಟಾ. “ನನ್ನ ಮಕ್ಕಳಿಗೆ ಅಮ್ಮ ಇರ್ಬೇಕು, ಅಷ್ಟೇ.”

ಬರ್ನಡೀನ್ ತಾಯಿಯ ದಿಂಬು ಸರಿಮಾಡಿ ಮನೆಗೆ ಹೋದಳು. ಅವಳು ಸ್ವತಃ ಆರು ಮಕ್ಕಳನ್ನು ಹೆತ್ತವಳು. ಚರ್ಚು ಬೇಡವೆಂದದ್ದನ್ನು ಎಂದೂ ಮುಟ್ಟಿದವಳಲ್ಲ, ಅದಕ್ಕೆ ಪಶ್ಚಾತ್ತಾಪವೂ ಇರಲಿಲ್ಲ. ಆದರೆ ಅದು ಅವಳು ತಾನಾಗಿ ಹೊತ್ತ ಹೊರೆ. ಆಶ್ರಮದ ಆಯಾಗಳಲ್ಲಿ ಅರ್ಧಕ್ಕರ್ಧ ಜನ ಬೇರೆ ಪಂಗಡದವರು. ಮೈ ತೊಳೆಯಲು ಅವರನ್ನು ಕರೆಯುವಾಗ ಯಾರೂ ಯಾವ ಚರ್ಚು ಎಂದು ಕೇಳಿರಲಿಲ್ಲ.

ಊರಿನಲ್ಲಿ ಆಗಲೇ ಈ ಮಾತಿಗೆ ಕಾವು ಏರಿತ್ತು. ಮನೆಮುಂದಿನ ಹುಲ್ಲಿನಲ್ಲಿ ಒಬ್ಬರು ‘ನಮ್ಮ ಧರ್ಮ ನಮ್ಮ ಹಕ್ಕು’ ಎಂಬ ಹಲಗೆ ನೆಟ್ಟರೆ, ಪಕ್ಕದವರು ‘ನನ್ನ ಮೈ ನನ್ನ ಹಕ್ಕು’ ಎಂಬುದನ್ನು ನೆಡುವರು. ಕ್ಷೌರದಂಗಡಿಯಲ್ಲಿ ಟೀವಿ ಹಾಕುವುದನ್ನೇ ನಿಲ್ಲಿಸಿದ್ದರು. ಸರ್ಕಾರವೇನೋ ಹಾವೂ ಸಾಯದ ಕೋಲೂ ಮುರಿಯದ ದಾರಿಯೊಂದನ್ನು ಹುಡುಕಿತ್ತು. ಇದು ನಮ್ಮ ಧರ್ಮಕ್ಕೆ ಒಪ್ಪದು ಎಂದು ಆಶ್ರಮದವರು ತಿಳಿಸಿಬಿಟ್ಟರೆ ಸಾಕು, ಆ ಖರ್ಚನ್ನು ವಿಮೆಯವರು ತಮ್ಮ ಕೈಯಿಂದಲೇ ಆಯಾಗಳಿಗೆ ಕೊಡಬೇಕು. ಆಶ್ರಮದ ಮಂಡಳಿಯಲ್ಲಿ ಕೆಲವರಿಗೆ ಅದೂ ಒಪ್ಪಿಗೆಯಿರಲಿಲ್ಲ. ಹಾಗೆ ತಿಳಿಸುವುದೆಂದರೆ ಬಾಗಿಲಿನ ಕೀಲಿ ಬೇರೆಯವರ ಕೈಗೆ ಕೊಟ್ಟು ನಾನು ಒಳಗೆ ಹೋಗಲಿಲ್ಲ ಎಂದಂತೆ, ಅದೂ ಪಾಪವೇ, ತಿಳಿಸುವುದು ಬೇಡ, ಕೋರ್ಟಿಗೆ ಹೋಗೋಣ ಎಂದರು ಅವರು. ಗುರುಗಳಾದ ಫಾದರ್ ಕ್ರೂಲಿಕ್ ಕೂಡ ಅದೇ ಮಾತಿನವರು. ಅವರು ಕೆಟ್ಟವರಲ್ಲ. ಹಿಮ ಬಿದ್ದ ಬೆಳಿಗ್ಗೆ ಮುದುಕರ ಮನೆಯ ಮೆಟ್ಟಿಲನ್ನು ತಾವೇ ಸಲಿಕೆ ಹಿಡಿದು ಕೆರೆಯುತ್ತಿದ್ದವರು.

ತಪಸ್ಸುಕಾಲದ ಎರಡನೆಯ ಭಾನುವಾರ ಫಾದರ್, ಆಶ್ರಮದ ಧರ್ಮ ಉಳಿಯಬೇಕು ಎನ್ನುವವರು ಎದ್ದು ನಿಲ್ಲಿ, ನಿಮ್ಮ ಮನಸ್ಸನ್ನು ಮಂಡಳಿಗೆ ನಾನು ಮುಟ್ಟಿಸುತ್ತೇನೆ ಎಂದರು. ಹೀಗಾಗುವುದೆಂದು ಊರಿಗೆ ಮೊದಲೇ ಗೊತ್ತಿತ್ತು. ಬರ್ನಡೀನ್ ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದಳು. ಬೆಂಚುಗಳು ಕಿರುಗುಟ್ಟಿದವು. ಅರ್ಲೀನ್ ಎದ್ದಳು, ಹಿಂದಿನವರು ಎದ್ದರು, ಮುಂದಿನವರು ಎದ್ದರು. ಬರ್ನಡೀನ್ ಕೂತೇ ಇದ್ದಳು. ಹುಟ್ಟಿದಾಗಿನಿಂದ ಚರ್ಚಿನ ಮಾತು ಮೀರದವಳು ಅವಳು. ಈಗ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಕಾದಳು.

ಯಾರೂ ನೋಡಲಿಲ್ಲ. ಅವಳು ಕೂತಿರುವುದು ಯಾವ ಹೊಸ ಸುದ್ದಿ?

ಪೂಜೆ ಮುಗಿದು ಬಾಗಿಲಲ್ಲಿ ಫಾದರ್ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಮಂಡಿ ಏಳದಿದ್ದರೇನಂತೆ, ನಿಮ್ಮ ಮನಸ್ಸು ಎಲ್ಲರಿಗಿಂತ ಮೊದಲು ಎದ್ದು ನಿಂತಿತ್ತು, ನನಗೆ ಗೊತ್ತು ಎಂದರು. ಹಿಂದೆ ಜನ ಸಾಲುಗಟ್ಟಿದ್ದರು. ಬರ್ನಡೀನಳ ಬಾಯಿಯಿಂದ ಮಾತು ಹೊರಡುವಷ್ಟರಲ್ಲಿ ಸಾಲು ಅವಳನ್ನು ಹೊರಗೆ ದಬ್ಬಿಬಿಟ್ಟಿತು.

ಗುರುವಾರ ಪಿರೊಹಿ ಮೇಜಿನಲ್ಲಿ ಅರ್ಲೀನ್ ಸುದ್ದಿ ತಂದಳು. ಮಂಡಳಿಯ ಅಧ್ಯಕ್ಷ ವಿನ್ಸ್ ಗಾಲ್ಕೊ, ಅಂದರೆ ಶವಸಂಸ್ಕಾರದ ಮನೆ ನಡೆಸುವವನು, ಎಲ್ಲ ಕಡೆ ಹೇಳಿಕೊಂಡು ಬರುತ್ತಿದ್ದನಂತೆ: ಇಡೀ ಚರ್ಚು ಒಂದೇ ಆಳಿನ ಹಾಗೆ ಎದ್ದು ನಿಂತಿತು, ಒಬ್ಬರೂ ಬೇರೆ ಅನ್ನಲಿಲ್ಲ, ಇನ್ನು ಮಂಡಳಿ ಅನುಮಾನಿಸುವುದಕ್ಕೆ ಏನಿದೆ ಎಂದು. ಮುಂದಿನ ಬುಧವಾರ ತೀರ್ಮಾನವಂತೆ.

“ಎಲ್ಲರೂ ಅಲ್ಲ,” ಎಂದಳು ಬರ್ನಡೀನ್, ಅಂಚು ಒತ್ತುತ್ತಲೇ. “ನಾನು ಕೂತಿದ್ದೆ.”

“ನೀನು ಯಾವಾಗಲೂ ಕೂತೇ ಇರ್ತೀಯಲ್ಲೇ.”

“ಅವತ್ತು ಬೇಕೂಂತ ಕೂತಿದ್ದೆ.”

ಅರ್ಲೀನಳ ಲಟ್ಟಣಿಗೆ ನಿಂತಿತು. ಅವಳಿಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ನ್ಯಾಯವೂ ಇತ್ತು. ಕೆಲಸಕ್ಕೆ ಸೇರುವಾಗ ಯಾರ ಮನೆಗೆ ಬರುತ್ತಿದ್ದೇನೆಂದು ಆ ಹುಡುಗಿ ಲೊರೆಟ್ಟಾಳಿಗೆ ತಿಳಿದಿರಲಿಲ್ಲವೇ? ನಮ್ಮಜ್ಜಂದಿರು ಉಕ್ಕಿನ ಕಾರ್ಖಾನೆಯ ಕೂಲಿಯಲ್ಲಿ ಉಳಿಸಿ ಕಟ್ಟಿದ ಆಶ್ರಮ, ಅದರಲ್ಲಿ ನಮ್ಮ ನಂಬಿಕೆಯೇ ನಡೆಯಬಾರದು ಎಂದರೆ ಹೇಗೆ? ಇವತ್ತು ಇದಕ್ಕೆ ತಲೆಬಾಗಿದರೆ ನಾಳೆ ಇನ್ನೇನಕ್ಕೆ ಬಾಗಬೇಕೋ. ಇಷ್ಟೆಲ್ಲ ಹೇಳಿ ಮುಗಿಸಿ ದನಿ ತಗ್ಗಿಸಿದಳು.

“ಈಗ ಎಲ್ಲರೂ ನಿನ್ನ ಬಗ್ಗೆ ಒಳ್ಳೇದೇ ತಿಳ್ಕೊಂಡಿದ್ದಾರೆ. ಸುಮ್ನಿರಬಾರ್ದಾ? ಮಂಡಿ ನಿನ್ನ ಮಾನ ಉಳಿಸಿದೆ.”

ಸುಮ್ಮನಿರುವುದು ಬರ್ನಡೀನಳಿಗೆ ಬಹಳ ಸುಲಭ. ಜೀವಮಾನವೆಲ್ಲ ಮಾಡಿದ ಕೆಲಸ ಅದು. ಆದರೆ ಈ ಸಲ ಅವಳ ಮೌನವನ್ನು ಎತ್ತಿ ಸಮ್ಮತಿಯ ತಕ್ಕಡಿಗೆ ಹಾಕಿದ್ದರು. ಆ ತೂಕ ಲೊರೆಟ್ಟಾಳ ತಲೆಯ ಮೇಲೆ ಬೀಳುವುದರಲ್ಲಿತ್ತು.

ಮರುದಿನ ಮೀನು ಕರಿಯುವ ಗದ್ದಲದ ನಡುವೆಯೇ ಅವಳು ಫಾದರನ್ನು ಪಾತ್ರೆ ತೊಳೆಯುವ ಮೂಲೆಗೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು. ತಾಯಿಯ ಚಿಂತೆ ಅವಳಿಂದ ಹೀಗೆ ಆಡಿಸುತ್ತಿದೆ ಎಂದುಕೊಂಡರು. ಪ್ರಾರ್ಥನೆ ಮಾಡಿ, ಇನ್ನೂ ಯೋಚಿಸಿ, ಬರ್ನಡೀನ್, ಈ ಮಾತು ನಮ್ಮಿಬ್ಬರಲ್ಲೇ ಇರಲಿ ಎಂದರು. ನಮ್ಮಿಬ್ಬರಲ್ಲೇ ಇದ್ದರೆ ಬುಧವಾರದ ಸಭೆಗೆ ಅದು ತಲುಪುವುದು ಹೇಗೆ? ಅವಳು ತಲೆಯಾಡಿಸಿ ಒಲೆಯ ಹತ್ತಿರ ಹೋದಳು. ಪ್ರಾರ್ಥನೆಯನ್ನಂತೂ ಮಾಡಿದಳು. ಆದರೆ ಮನಸ್ಸು ಇದ್ದಲ್ಲಿಂದ ಒಂದು ಬೆರಳೂ ಅಲುಗಲಿಲ್ಲ.

ಭಾನುವಾರ ಬಂತು. ಬೈಬಲಿನ ಶುಭಸಂದೇಶ ಓದುವಾಗ ಎಲ್ಲರೂ ನಿಂತಿದ್ದರು, ಬರ್ನಡೀನ್ ಎಂದಿನಂತೆ ಕೂತಿದ್ದಳು. ಓದು ಮುಗಿದು ಫಾದರ್ ಉಪದೇಶದ ಪ್ರಸಂಗಕ್ಕೆ ಕನ್ನಡಕ ಏರಿಸಿದರು, ಜನ ಕೂತರು. ಆಗ ಬರ್ನಡೀನ್ ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು, ಹಲ್ಲು ಕಚ್ಚಿ, ಎದ್ದಳು. ಲೋಹದ ಕೀಲು ‘ಕಟ್’ ಎಂದಿತು. ಪೂರ್ತಿ ನೆಟ್ಟಗಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಕೂತ ಜನರ ನಡುವೆ ಅವಳೊಬ್ಬಳೇ ನಿಂತಿದ್ದಳು.

ಈಗ ಎಲ್ಲರೂ ನೋಡಿದರು.

ಫಾದರ್ ಕ್ರೂಲಿಕ್ ಎರಡು ಮಾತಾಡಿ ನಿಲ್ಲಿಸಿದರು. “ಬರ್ನಡೀನ್, ಮಂಡಿ ನೋಯ್ತಿದೆಯಾ? ಯಾರಾದ್ರೂ ನೀರು ತರ್ತೀರಾ?”

“ನೀರು ಬೇಡ ಫಾದರ್. ಹೋದ ವಾರ ನಾನು ಕೂತಿದ್ದು ಮಂಡಿ ನೋವಿಗಲ್ಲ. ಇವತ್ತು ನಿಂತಿರೋದೂ ಮಂಡಿ ನೋವಿಗಲ್ಲ.” ಅವಳ ದನಿ ಹಿಂದಿನ ಬೆಂಚಿನವರೆಗೂ ಕೇಳಿತು. “ಆಶ್ರಮದ ಹೆಣ್ಣುಮಕ್ಕಳಿಗೆ ವಿಮೆಯವರು ಕೊಡೋದನ್ನ ನಾವು ತಡೀಬಾರ್ದು. ನಮ್ಮಿಂದಾಗಲ್ಲ ಅಂತ ತಿಳಿಸಿ, ದಾರಿ ಬಿಟ್ಬಿಡ್ಬೇಕು. ನನ್ನನ್ನ ಇನ್ನೊಂದು ಕಡೆಗೆ ಎಣಿಸಿದ್ರಿ. ತೆಗೆದುಬಿಡಿ.”

ಎಲ್ಲೋ ಒಂದು ಮಗು ಕೆಮ್ಮಿತು. ಯಾರೋ ಹಿಂದಿನಿಂದ ‘ಕೂತ್ಕೊಳಮ್ಮ ಸಾಕು’ ಎಂದು ಗೊಣಗಿದರು. ಬರ್ನಡೀನ್ ಕೂರಲಿಲ್ಲ. ಫಾದರ್ ಕೆಂಪಗಾಗಿ, ಹಾಳೆಯ ಮೇಲೆ ಕಣ್ಣಿಟ್ಟು ಪ್ರಸಂಗ ಮುಂದುವರಿಸಿದರು. ಅದು ಮುಗಿಯುವವರೆಗೂ ನಿಂತೇ ಇರುವುದೆಂದು ಅವಳು ನಿಶ್ಚಯಿಸಿದ್ದಳು. ಆದರೆ ಮಂಡಿ ನಿಶ್ಚಯ ಮಾಡಿರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಕಾಲು ಗಡಗಡ ನಡುಗತೊಡಗಿತು, ಬೆಂಚು ಹಿಡಿದ ಬೆರಳುಗಳು ಬಿಳಿಚಿಕೊಂಡವು.

ಪಕ್ಕದಲ್ಲಿ ಅರ್ಲೀನ್ ಉಸ್ಸೆಂದಳು. ಕೈಚೀಲವನ್ನು ಬೆಂಚಿನ ಮೇಲೆ ಕುಕ್ಕಿ, ಎದ್ದು ನಿಂತು, ಅತ್ತಿಗೆಯ ಮೊಣಕೈ ಹಿಡಿದುಕೊಂಡಳು.

“ನಿನ್ನ ಮಾತಿಗೆ ನಿಂತಿದ್ದಲ್ಲ,” ಎಂದು ಹಲ್ಲು ಕಡಿಯುತ್ತ ಕಿವಿಯಲ್ಲಿ ಹೇಳಿದಳು. “ನೀನು ಬಿದ್ರೆ ಎತ್ತೋರು ಯಾರು?”

ಪ್ರಸಂಗ ಮುಗಿಯುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದರು.

ಆ ವಾರ ಬರ್ನಡೀನಳ ಫೋನು ಒಮ್ಮೆಯೂ ರಿಂಗಾಗಲಿಲ್ಲ. ಅಂಗಡಿಯಲ್ಲಿ ಇಬ್ಬರು ಗೆಳತಿಯರು ಡಬ್ಬಿಗಳ ಬೆಲೆ ಓದುವ ಹಾಗೆ ಮುಖ ತಿರುಗಿಸಿದರು. ಅವಳು ದಿನವೂ ಆಶ್ರಮಕ್ಕೆ ಹೋಗಿ ತಾಯಿಯ ಪಕ್ಕ ಕೂತು ಬಂದಳು. ಲೊರೆಟ್ಟಾಳಿಗೆ ಸುದ್ದಿ ಮುಟ್ಟಿತ್ತು. ಅವಳು ಮುದುಕಿಗೆ ಉಣಿಸಿ ಆದಮೇಲೆ ಒಂದು ಕುರ್ಚಿ ಎಳೆದು ಬರ್ನಡೀನಳ ಬಲಗಾಲನ್ನು ಎತ್ತಿ ಅದರ ಮೇಲಿಟ್ಟು, ಮಂಡಿಗೆ ಬಿಸಿನೀರಿನ ಚೀಲ ಕಟ್ಟಿದಳು.

ಗುರುವಾರ ಪಿರೊಹಿ ಮೇಜು ಅರ್ಧ ಖಾಲಿಯಿತ್ತು. ಬರ್ನಡೀನ್ ತನ್ನ ಜಾಗದಲ್ಲಿ ಕೂತು ಅಂಚು ಒತ್ತುತ್ತಿದ್ದಳು. ಎದುರಿಗೆ ಅರ್ಲೀನ್ ಮುಖ ಊದಿಸಿಕೊಂಡು ಲಟ್ಟಿಸುತ್ತಿದ್ದಳು. ಬಾಗಿಲಲ್ಲಿ ವಿನ್ಸ್ ಗಾಲ್ಕೊ ಕಾಣಿಸಿಕೊಂಡ. ಹೆಣದ ಮನೆಗೆ ಬಂದವರೆದುರು ನಿಲ್ಲುವ ಹಾಗೆಯೇ ಟೋಪಿಯನ್ನು ಎದೆಗೆ ಹಿಡಿದು ನಿಂತ. ಹಿಂದಿನ ಸಂಜೆಯ ಸಭೆಯ ಸುದ್ದಿಯನ್ನು ತಾನೇ ಹೇಳಬೇಕೆಂದು ಬಂದೆ ಎಂದ. ಇಡೀ ಚರ್ಚು ಒಂದೇ ಮನಸ್ಸು ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲವಂತೆ, ಇದ್ದದ್ದನ್ನೇ ಹೇಳಿದನಂತೆ. ಅಷ್ಟಾದ ಮೇಲೆ, ಅಲ್ಲಿಯತನಕ ಬಾಯಿ ಬಿಡದಿದ್ದ ಇಬ್ಬರು ತಮಗೂ ಅನುಮಾನವಿದೆ ಎಂದರಂತೆ. ಒಂದೇ ಮತದ ಅಂತರದಲ್ಲಿ ತೀರ್ಮಾನವಾಯಿತು. ಕೋರ್ಟು ಬೇಡ, ನಮ್ಮಿಂದಾಗದು ಎಂದು ತಿಳಿಸಿ ಬಿಡುವುದು, ಮುಂದಿನದು ವಿಮೆಯವರ ಪಾಲು.

“ನನ್ನ ಮತ ಅದಕ್ಕೆ ವಿರೋಧವಾಗಿಯೇ ಹೋಯ್ತು, ಬರ್ನಡೀನ್,” ಎಂದ ಗಾಲ್ಕೊ. “ಅದೂ ನಿಮಗೆ ಗೊತ್ತಿರ್ಲಿ.”

“ಗೊತ್ತಿರ್ಲಿ,” ಎಂದಳು ಬರ್ನಡೀನ್. “ಕೂತ್ಕೊಳ್ಳಿ ವಿನ್ಸ್. ಬೆಣ್ಣೆ ಈರುಳ್ಳಿ ಹಾಕಿ ಒಂದು ತಟ್ಟೆ ಕೊಡ್ತೀನಿ.”

ಅವನು ತಿಂದು ಹೋದ. ಅರ್ಲೀನ್ ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದದ್ದೇ ದೊಡ್ಡದು. ಲಟ್ಟಣಿಗೆಯಿಂದ ಹಿಟ್ಟಿನುಂಡೆಗೆ ಒಂದೇಟು ಕೊಟ್ಟಳು.

“ನಿನ್ನ ಕೆಲಸ ಆಯ್ತು. ನನ್ನ ಗತಿ ಏನು? ಊರೆಲ್ಲ ನನ್ನನ್ನೂ ನಿನ್ನ ಪಕ್ಷಕ್ಕೆ ಸೇರಿಸಿಬಿಟ್ಟಿದೆ. ಇಬ್ಬರು ನಿಂತ್ರು, ಇಬ್ಬರು ನಿಂತ್ರು ಅಂತ. ಮುಂದಿನ ಭಾನುವಾರ ನಾನೂ ಎದ್ದು ಹೇಳ್ಬೇಕಾ, ಹಾಗಲ್ಲಪ್ಪಾ ಅಂತ?”

ಬರ್ನಡೀನ್ ಕೈಯಲ್ಲಿದ್ದ ಪಿರೊಹಿಯ ಅಂಚನ್ನು ಕೊನೆಯವರೆಗೂ ಒತ್ತಿ, ತಟ್ಟೆಯಲ್ಲಿಟ್ಟಳು.

“ಹೇಳು. ನಿನ್ನ ಮೊಣಕೈ ನಾನು ಹಿಡ್ಕೋತೀನಿ.”