ಮೇಷ್ಟ್ರು ಕಲಿಸಿದ ಕ್ರಿಯಾಪದ

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಮಾತು ಮುಗಿಯುವ ಮೊದಲೇ "ಅರ್ಥವಾಯ್ತಾ?" ಎಂದು ಕೇಳುವ ಅಭ್ಯಾಸ. ಕೊಡಗು ಇನ್ನೂ ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದ ಕಾಲ. ಕುಶಾಲನಗರದ ಶಾಲೆಯಲ್ಲಿ ಒಂದು ದಿನ ಅವರು ಬೋರ್ಡಿನ ಮೇಲೆ ‘ಅಕ್ವಿಯೆಸ್’ ಎಂಬ ಕ್ರಿಯಾಪದ ಬರೆದರು.

"ಮನಸ್ಸಿಲ್ಲದಿದ್ದರೂ ಎದುರಾಡದೆ ಸುಮ್ಮನಾಗುವುದು. ಅರ್ಥವಾಯ್ತಾ?"

"ಒಪ್ಕೊಳ್ಳೋದಾ ಸಾರ್?" ಹುಡುಗಿಯರ ಬೆಂಚಿನಿಂದ ನಾನು ಕೇಳಿದೆ.

"ಪೂರ್ತಿ ಒಪ್ಪಿದ ಹಾಗಲ್ಲ."

"ಹಂಗಾದ್ರೆ ಒಪ್ದೇ ಇರೋದಾ?"

"ಹಾಗೂ ಅಲ್ಲ" ಎಂದವರು ಕೋಟಿನ ತೋಳಿನಿಂದಲೇ ಬೋರ್ಡು ಒರೆಸಿದರು. ಹೇಳಲು ಮಾತು ಸಿಗದಾಗಲೆಲ್ಲ ಹಾಗೆ ಒರೆಸುತ್ತಿದ್ದರು. ನನಗೆ ತಲೆಬುಡ ತಿಳಿಯಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಶಾಲೆ ಬಿಡಿಸಿದರು. ಮೇಷ್ಟ್ರು ಮನೆಗೇ ಬಂದು, ಇನ್ನೊಂದು ವರ್ಷ ಓದಲಿ ಎಂದು ಕೇಳಿಕೊಂಡರು.

"ಗಂಡು ಗೊತ್ತು ಮಾಡಾಗೈತೆ ಮೇಷ್ಟ್ರೇ. ಓದಿದ್ದು ಸಾಕು ಬುಡಿ. ಎಲೆ ಅಡಿಕೆ ತಗೊಳಿ" ಎಂದು ಅಪ್ಪ ತಟ್ಟೆ ಹಿಡಿದರು. ತೆಗೆದುಕೊಂಡರೆ ಮದುವೆಯ ಮಾತಿಗೆ ಒಪ್ಪಿದಂತೆ. ಬಿಟ್ಟರೆ ಮನೆಗೇ ಅವಮಾನ.

ಎಲೆ ಹಾಕುವ ಅಭ್ಯಾಸವೇ ಇಲ್ಲದ ಮೇಷ್ಟ್ರು ಬಹಳ ಹೊತ್ತು ತಟ್ಟೆಯನ್ನೇ ನೋಡಿದರು. ಅವರು ಏನು ಮಾಡುತ್ತಾರೋ ಎಂದು ಅಪ್ಪನಿಗಿಂತ ಹೆಚ್ಚಾಗಿ ನಾನು ಕಾದಿದ್ದೆ. ಕೊನೆಗೆ ಒಂದು ಎಲೆ ಎತ್ತಿಕೊಂಡರು. ಬಾಯಿಗೆ ಹಾಕಲಿಲ್ಲ. ಕೋಟಿನ ತೋಳಿನಿಂದ ಅದನ್ನು ಒರೆಸುತ್ತಲೇ ಕೂತರು.

ಹೊರಡುವಾಗ, ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು: "ಅರ್ಥವಾಯ್ತಾ?"

ನಾನು ತಲೆಯಾಡಿಸಿದೆ. ಹೌದು ಎಂದೋ, ಇಲ್ಲ ಎಂದೋ, ನನಗೆ ಇಂದಿಗೂ ಗೊತ್ತಿಲ್ಲ.