ಮೊಸರು ಕದಡದ ಹಾಗೆ

ಹೋದ ತಿಂಗಳು ಮುಳಬಾಗಿಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರಬ್ಬರು ಸುಡುವ ವಾಸನೆ ಬಂತು. ರಸ್ತೆಯಾಚೆ ಒಂದು ಗ್ಯಾರೇಜು. ಮೆಕ್ಯಾನಿಕ್ಕೊಬ್ಬರು ಯಾವುದೋ ಗಾಡಿಯ ಕುಲುಕಾಟ ತಡೆಯುವ ಕಮಾನು ಪಟ್ಟಿಯನ್ನು ನೆಲಕ್ಕಿಳಿಸಿ, ಅದರ ತುದಿಯ ತೂತಿನಲ್ಲಿ ಕಚ್ಚಿಕೊಂಡಿದ್ದ ಹಳೆಯ ರಬ್ಬರು ಬುಷ್‌ಗೆ ಸೀಮೆಎಣ್ಣೆ ಹಾಕಿ ಬೆಂಕಿ ಕೊಟ್ಟಿದ್ದರು. ಸವೆದ ಬುಷ್ ಸುಲಭವಾಗಿ ಹೊರಗೆ ಬರುವುದಿಲ್ಲ, ಸುಡಬೇಕು. ಪಕ್ಕದಲ್ಲಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಆ ಹೊಗೆಯ ಹಿಂದೆಯೇ ಮೊಸರಿನ ವಾಸನೆಯೂ ಬಂದಂತಾಯಿತು...

ಶ್ರೀನಿವಾಸಪುರದ ನಮ್ಮ ಬೀದಿಯಲ್ಲಿ ಎದುರು ಮನೆಯವರ ಹತ್ತಿರ ಒಂದು ಪಿಕಪ್ ಗಾಡಿ ಇತ್ತು. ಅವರು ನಮಗೆ ನೆಂಟರೇನಲ್ಲ. ಆದರೂ ನಾನು ಅವರನ್ನು ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆ. ಮಾವನಿಗೆ ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ, ಗಾಡಿ ಕೆಟ್ಟರೆ ಉರ್ದು. ನನ್ನನ್ನು ಅವರು ಯಾವತ್ತೂ ಹೆಸರು ಹಿಡಿದು ಕರೆದದ್ದಿಲ್ಲ, ಅಮ್ಮಾಯಿ ಎನ್ನುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೈಸ್ಕೂಲಿನಲ್ಲಿದ್ದೆ. ಅಪ್ಪ ಮಾಲೂರಿನಲ್ಲಿ ಕೆಲಸದಲ್ಲಿದ್ದು ಶನಿವಾರ ಮಾತ್ರ ಮನೆಗೆ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಅಕ್ಕ ಹೆರಿಗೆಗೆಂದು ಮನೆಗೆ ಬಂದಿದ್ದಳು. ಅದು ಎರಡನೆಯ ಬಸಿರು. ಮೊದಲನೆಯದು ಏಳು ತಿಂಗಳಿಗೇ ಹೋಗಿತ್ತು, ದೇವರಾಯಸಮುದ್ರದ ಗಂಡನ ಮನೆಯಿಂದ ನಮ್ಮೂರಿಗೆ ಬಂದ ಮರುದಿನ. ದಾರಿಯ ಕುಲುಕಾಟಕ್ಕೇ ಹಾಗಾಯಿತೋ ಬೇರೇನಾದರೂ ಕಾರಣವಿತ್ತೋ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ದಾರಿಯನ್ನೇ ದೂರಿದರು. ಅಕ್ಕ ಯಾರನ್ನೂ ದೂರಲಿಲ್ಲ, ಮಾತನ್ನೇ ಕಡಿಮೆ ಮಾಡಿದಳು. ಈ ಸಲ ಹೆರಿಗೆ ಕೋಲಾರದ ಆಸ್ಪತ್ರೆಯಲ್ಲೇ ಆಗಬೇಕು, ಕರೆತರುವಾಗ ಹುಷಾರು ಎಂದು ಡಾಕ್ಟರಮ್ಮ ಹೇಳಿದ್ದರು. ಆಗಿನ ಕೋಲಾರದ ರಸ್ತೆಯ ಮೇಲೆ ಹುಷಾರಾಗಿ ಹೋಗುವುದೆಂದರೆ ಏನು ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ.

ಅಮ್ಮ ಜಗಲಿಯ ಮೇಲೆ ಕೂತು ಅತ್ತೆಯ ಹತ್ತಿರ ಅದನ್ನೇ ಹೇಳಿಕೊಂಡು ಕಣ್ಣೊರೆಸಿಕೊಂಡದ್ದು ಮಾವನ ಕಿವಿಗೂ ಬಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಮಾವ ಗಾಡಿಗೆ ಜಾಕಿ ಕೊಟ್ಟು, ಹಿಂದಿನ ಚಕ್ರ ಬಿಚ್ಚಿ, ಕೆಳಗೆ ಮಲಗಿದ್ದರು.

ಮಾವಿನ ಸುಗ್ಗಿಗೆ ಮುಂಚೆ ಕಮಾನಿಗೆ ಒಂದು ಪಟ್ಟಿ ಹೆಚ್ಚು ಹಾಕಿಸುವುದು ನಮ್ಮ ಕಡೆ ಗಾಡಿಯವರ ರೂಢಿ. ಗೌನಿಪಲ್ಲಿಯ ತೋಟಗಳಿಂದ ತಲೆಮಟ್ಟ ಹಣ್ಣು ಹೇರಿದರೂ ಗಾಡಿ ಕೂರುವುದಿಲ್ಲ. ಆದರೆ ಕಮಾನು ಹಲಗೆಯ ಹಾಗೆ ಬಿಗಿಯಾಗಿ, ಪ್ರತಿ ಹಳ್ಳವೂ ಬೆನ್ನುಮೂಳೆಗೆ ಬಡಿಯುತ್ತದೆ. ಎಲ್ಲರೂ ಪಟ್ಟಿ ಸೇರಿಸುವ ಕಾಲದಲ್ಲಿ ಮಾವ ತೆಗೆಯುತ್ತಿದ್ದರು. ಸುಗ್ಗಿ ನಡುವೆ ಹಾಗೆ ಮಾಡಿದರೆ ಅರ್ಧ ಲೋಡೂ ಹೊರುವಂತಿಲ್ಲ. ಉಳಿದವುಗಳಲ್ಲಿ ಬಾಗು ಹೋಗಿ ಚಪ್ಪಟೆಯಾಗಿದ್ದ ಪಟ್ಟಿಯ ಜಾಗಕ್ಕೆ ಹೊಸದು ತಂದರು, ಬುಷ್‌ಗಳನ್ನು ಸುಟ್ಟು ತೆಗೆದು ಬೇರೆ ಕೂರಿಸಿದರು, ಎಣ್ಣೆ ಸೋರುತ್ತಿದ್ದ ಶಾಕ್ ಅಬ್ಸಾರ್ಬರ್‌ಗಳನ್ನೂ ಬದಲಾಯಿಸಿದರು.

ಆ ದಾರಿಯಲ್ಲಿ ಹೋಗುತ್ತಿದ್ದ ಇನ್ನೊಬ್ಬ ಡ್ರೈವರು ಗಾಡಿ ನಿಲ್ಲಿಸಿ ಇಣುಕಿ ನೋಡಿದ. "ಏನಣ್ಣೋ, ಗಾಡೀಗೆ ಸೀಮಂತ ಮಾಡ್ತಿದ್ದೀಯಾ? ನಮ್ಮನ್ನೆಲ್ಲ ಊಟಕ್ಕೆ ಕರೀಲೇ ಇಲ್ಲ!"

"ನಿನ್ ಗಾಡೀಲಿ ಕೂತವರಿಗೆ ಉಂಡಿದ್ದೂ ಬಾಯಿಗೆ ಬರ್ತದೆ. ನಿಂಗ್ಯಾಕ್ಲಾ ಊಟ, ಹೋಗೋ!" ಎಂದರು ಮಾವ, ಗಾಡಿಯ ಕೆಳಗಿಂದಲೇ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಅತ್ತೆ ಹಿಂದಿನ ದಿನ ಹೆಪ್ಪು ಹಾಕಿದ್ದ ಮೊಸರಿನ ಪಾತ್ರೆಯನ್ನು ಮಾವ ಎತ್ತಿಕೊಂಡು ಬಂದರು. ಕೆನೆ ಕಟ್ಟಿ ಕನ್ನಡಿಯ ಹಾಗೆ ನಿಂತ ಮೊಸರು. ಅದನ್ನು ನನ್ನ ಮಡಿಲಲ್ಲಿಟ್ಟು ಗಾಡಿಯ ಹಿಂದೆ ಕೂರಿಸಿದರು.

"ಇದು ಕದಡಬಾರದು. ನೀನು ಇದ್ದಿದ್ದು ಇದ್ದಂಗೆ ಹೇಳೋಳು, ಅದಕ್ಕೇ ನಿನ್ನ ಕೂರಿಸ್ತಿದ್ದೀನಿ ಅಮ್ಮಾಯಿ. ನನ್ನ ಮುಖ ನೋಡ್ಕೊಂಡು ಚೆನ್ನಾಗಿದೆ ಅನ್ನಬೇಡ."

ಕೆರೆ ಏರಿಯವರೆಗೆ ಹೋಗಿ ಬಂದೆವು. ಮೊಸರು ಬಿರಿದು, ನೀರು ಬಿಟ್ಟು, ನನ್ನ ಲಂಗದ ಮೇಲೂ ಚೆಲ್ಲಿತ್ತು. ನಾನು ಪಾತ್ರೆಯನ್ನು ಅವರ ಮುಂದೆ ಹಿಡಿದೆ. ಮಾವ ಅದನ್ನೇ ನೋಡುತ್ತಾ ನಿಂತರು. ಹಳೆಯದೆಲ್ಲ ಬದಲಾಯಿಸಿದ ಮೇಲೂ ಗಾಡಿ ಕುಣಿಯುತ್ತಿತ್ತು. ಮತ್ತೆ ಬಿಚ್ಚಿದರು, ಗ್ರೀಸು ಹಚ್ಚಿದರು, ಬೋಲ್ಟು ನೋಡಿದರು. ಮರುದಿನದ ಮೊಸರೂ ಕದಡಿತು. ಅದರ ಮರುದಿನದ್ದೂ. ಆ ವಾರ ಅವರ ಮನೆಯಲ್ಲಿ ಬರೀ ಮಜ್ಜಿಗೆ.

ಕೊನೆಗೆ ಅತ್ತೆಗೆ ಸಿಟ್ಟು ಬಂತು. "ಅಲ್ಲಾ, ಹೋದ ವರ್ಷ ಹಣ್ಣಿನ ಮೇಲೆ ಕೂತ್ಕೊಂಡು ಬಂದ್ನಲ್ಲ, ಅವಾಗ ಇಷ್ಟು ಎತ್ತಿ ಹಾಕ್ಲಿಲ್ಲ. ಖಾಲಿ ಗಾಡಿ ಕುಣೀದೆ ಇನ್ನೇನ್ ಮಾಡ್ತದೆ? ನಂ ಮೊಸರು ಹಾಳು ಮಾಡಾಕೆ ಒಂದು ನೆಪ!"

ಮಾವ ಹಣೆ ಚಚ್ಚಿಕೊಂಡರು. ಇಷ್ಟು ವರ್ಷ ಹೇರು ಹೊತ್ತೇ ಓಡಿಸಿದ್ದವರು. ಖಾಲಿ ಗಾಡಿಯಲ್ಲಿ ಹಿಂದೆ ಕೂತವರಿಗೆ ಹೇಗಿರುತ್ತದೆ ಎಂದು ಅವರು ಯಾವತ್ತೂ ಯೋಚಿಸಿಯೇ ಇರಲಿಲ್ಲ. ಅಂದು ಮಧ್ಯಾಹ್ನ ಅವರ ಮನೆಯ ರಾಗಿ ಮೂಟೆಗಳೂ ನಮ್ಮ ಮನೆಯ ಮೂಟೆಗಳೂ ಗಾಡಿ ಹತ್ತಿದವು. ಒಂದು ಮೂಟೆ ಇಳಿಸಿ, ಇನ್ನೊಂದು ಮುಂದಕ್ಕೆ ತಳ್ಳಿ, ಕೆರೆ ಏರಿಗೆ ಹೋಗಿ ಬಂದು, ಮತ್ತೆ ಇಳಿಸಿ... ಸಂಜೆ ಕೊನೆಯ ಸುತ್ತಿಗೆ ಅತ್ತೆ ತೆಗೆದುಕೊಟ್ಟ ಇನ್ನೊಂದು ಪಾತ್ರೆಯ ಕೆನೆಯ ಮೇಲೆ ಒಂದು ಗೆರೆ ಮಾತ್ರ ಮೂಡಿತ್ತು. ನಾನು ಅದನ್ನೂ ಹೇಳಿದೆ. ಮಾವ ನಕ್ಕರು. "ಗೆರೆ ಅತ್ತೆದು. ತೆಗೆಯೋವಾಗ ಬೆರಳು ತಾಗಿಸಿದ್ಲು."

ಅಲ್ಲಿಂದ ಗಾಡಿ ಮೂಟೆಗಳ ಸಮೇತ ಮನೆ ಮುಂದೆಯೇ ನಿಂತಿತು. ಹಣ್ಣಿನ ಮಂಡಿಯಿಂದ ಜನ ಬಂದು ಕರೆದರು, ಬೈದರು, ಬೇರೆ ಗಾಡಿ ಹಿಡಿದುಕೊಂಡು ಹೋದರು. ಮಾವ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದರು. ಅಕ್ಕ ಬಾಗಿಲಿಗೆ ಬಂದರೆ ಬೀಡಿ ಆರಿಸಿ ಬೇರೆ ಕಡೆ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕನಿಗೆ ನೋವು ಶುರುವಾಯಿತು. ಮೂಟೆಗಳ ಮೇಲೆ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಕಟ್ಟಿ ಮಲಗಿಸಿದರು. ಅಮ್ಮ ಕಾಲ ಹತ್ತಿರ ಕೂತಳು. ಅತ್ತೆ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಿಮ್ ಮಾವ ನನ್ನ ಪ್ರೀತಿಗೆ ಕರ್ಕೊಂಡೋಗ್ತಾವ್ರೆ ಅಂದ್ಕೊಂಡ್ಯಾ? ತೂಕಕ್ಕೆ ಕಣೇ!" ಎಂದರು. ಆ ನೋವಿನಲ್ಲೂ ಅಕ್ಕ ನಕ್ಕಳು. ಅವಳು ನಕ್ಕದ್ದನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ಮಾವ ನನ್ನನ್ನು ಮುಂದೆ ಕೂರಿಸಿಕೊಂಡು ಮೊಸರಿನ ಪಾತ್ರೆ ಕೊಟ್ಟರು. "ರಸ್ತೆ ನಾನು ನೋಡ್ತೀನಿ. ನೀನು ಇದನ್ನ ನೋಡು."

ಆ ದಾರಿಯಲ್ಲಿ ಒಂದು ಮರವನ್ನಾಗಲಿ ಊರನ್ನಾಗಲಿ ನಾನು ಕಾಣಲಿಲ್ಲ. ಕಂಡದ್ದು ಮಡಿಲಲ್ಲಿದ್ದ ಬಿಳಿ ಮಾತ್ರ. ಹಿಂದಿನಿಂದ ಅಕ್ಕನ ದನಿ ಏರಿದಾಗಲೆಲ್ಲ ಮಾವನ ಕೈ ಸ್ಟೀರಿಂಗಿನ ಮೇಲೆ ಬಿಗಿಯಾಗುತ್ತಿತ್ತು. ಅಕ್ಕ ಹೇಗಿದ್ದಾಳೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ.

"ಮೊಸರು ಹೆಂಗಿದೆ ಅಮ್ಮಾಯಿ?"

"ಹಾಗೇ ಇದೆ ಮಾವ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಕೋಲಾರದವರೆಗೂ ನಾವು ಆಡಿದ್ದು ಅಷ್ಟೇ.

ಸಂಜೆ ಆಸ್ಪತ್ರೆಯ ಒಳಗಿಂದ ಮಗುವಿನ ಅಳು ಕೇಳಿಸಿತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಅಮ್ಮ ಬಂದು ಹೇಳಿದಳು. ಮಾವ ಗಾಡಿಯ ಮಗ್ಗುಲಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಪಾತ್ರೆಯನ್ನು ಕೈಗೆ ತೆಗೆದುಕೊಂಡರು. ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ. ಮೊದಲ ಬಾರಿಗೆ ಆ ಕೆನೆಯೊಳಗೆ ಬೆರಳಿಟ್ಟು, ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಉಪ್ಪು ತರೋದು ಮರೆತೆ" ಎಂದರು. ಹೆಗಲ ಮೇಲಿನ ಟವಲ್ಲಿನಿಂದ ಕಣ್ಣೊರೆಸಿಕೊಂಡರು. ನಾನು ಬೇರೆ ಕಡೆ ನೋಡಿದೆ.

ಅದಾದ ಮೇಲೆ ನಾನು ಓದಲು ಮೈಸೂರಿಗೆ ಹೋದೆ. ಮಾವನಿಗೆ ಕಾಯಿಲೆಯಾಯಿತು, ಗಾಡಿ ಯಾರಿಗೋ ಹೋಯಿತು. ಕೊನೆಗೆ ಅವರು ತೀರಿಕೊಂಡದ್ದೂ ಕೋಲಾರದ ಆಸ್ಪತ್ರೆಯಲ್ಲೇ. ಊರಿಗೆ ತರಲು ಸಿಕ್ಕಿದ್ದು ಒಂದು ಬಾಡಿಗೆ ವ್ಯಾನು. ನಾನೂ ಅದರಲ್ಲಿದ್ದೆ. ಪ್ರತಿ ಹಳ್ಳಕ್ಕೂ ವ್ಯಾನು ಎತ್ತಿ ಹಾಕುತ್ತಿತ್ತು. ಅತ್ತೆ ಅವರ ತಲೆಯ ಕೆಳಗೆ ಅಂಗೈ ಕೊಟ್ಟುಕೊಂಡು ಕೂತಿದ್ದರು. ಅಳುತ್ತಿರಲಿಲ್ಲ. "ಒಸಿ ನಿಧಾನಕ್ಕೆ ಹೋಗಪ್ಪಾ," ಎಂದು ಡ್ರೈವರಿಗೆ ಹೇಳಿದರು. "ಹಿಂದೆ ಮೊಸರಿದೆ ಅಂದ್ಕೊಂಡು ಹೋಗು." ಅವನಿಗೆ ಅರ್ಥವಾಗಲಿಲ್ಲ. ಆದರೂ ನಿಧಾನ ಮಾಡಿದ.

ಮುಳಬಾಗಿಲಿನಲ್ಲಿ ಬುಷ್ ಉರಿದು ಮುಗಿಯುವ ಹೊತ್ತಿಗೆ ನನ್ನ ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಒಂದು ಮೋರಿಯ ಹತ್ತಿರ ಬಸ್ಸು ಜೋರಾಗಿ ಎತ್ತಿ ಹಾಕಿತು. ನೋಡಿಕೊಂಡರೆ ನನ್ನ ಎರಡು ಕೈಗಳೂ ಮಡಿಲಿನ ಮೇಲೆ, ಇಲ್ಲದ ಪಾತ್ರೆಯೊಂದನ್ನು ಹಿಡಿದ ಹಾಗೆ ಸೇರಿಕೊಂಡಿದ್ದವು. ಹಾಗೇ ಹಿಡಿದುಕೊಂಡೆ... ಹೇಗಿದೆ ಎಂದು ಕೇಳುವವರು ಪಕ್ಕದಲ್ಲಿರಲಿಲ್ಲ.